ಕೆಮ್ಮಿಗೆ ಬಣ್ಣ ಇರಲಿಲ್ಲ

ಮುನಿರತ್ನಮ್ಮನಿಗೆ ಒಂದು ಚಾಳಿ ಇತ್ತು. ಮನೆಯೊಳಕ್ಕೆ ಬಂದ ಸಾಮಾನು ಯಾವುದೇ ಇರಲಿ, ಅದು ಹೇಗೆ ಕೆಲಸ ಮಾಡುತ್ತದೆ ಎಂದು ಗೊತ್ತಾಗುವ ತನಕ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಹೊಸ ಮಿಕ್ಸಿ ಬಂದ ದಿನವೇ ಅದರ ತಳ ಬಿಚ್ಚಿ ನೋಡಿದ್ದಳು. ಸೊಸೆ ಅನಿತ ತವರಿನಿಂದ ತಂದ ವಾಷಿಂಗ್ ಮಷೀನು, ಮುಚ್ಚಳ ತೆಗೆದರೆ ಯಾಕೆ ನಿಂತುಹೋಗುತ್ತದೆ ಎಂದು ಹುಡುಕುತ್ತಾ ಒಂದು ಮಧ್ಯಾಹ್ನವೆಲ್ಲಾ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಇಂಥವಳ ಗಂಡನಿಗೆ ಹೃದಯದ ಕಾಯಿಲೆ ಬಂದು, ಆಸ್ಪತ್ರೆಯವರು ಒಂದು ಕವರ್ ತುಂಬಾ ಮಾತ್ರೆ ಕೊಟ್ಟು ಕಳಿಸಿದರೆ ಅವಳು ಸುಮ್ಮನಿರುತ್ತಾಳೆಯೇ? ನೀವೇ ಹೇಳಿ.

ಗಂಡ ರಾಮಲಿಂಗಯ್ಯ ದೊಡ್ಡಬಳ್ಳಾಪುರದ ನೇಕಾರ. ಮನೆಯ ಮುಂದಿನ ಅರ್ಧಭಾಗ ಮಗ್ಗಗಳಿಗೆ, ಹಿಂದಿನ ಅರ್ಧಭಾಗ ಮನುಷ್ಯರಿಗೆ. ಎರಡು ಪವರ್‌ಲೂಮು. ಅವನು ಮಗ್ಗ ನೋಡಿಕೊಂಡರೆ ಅವಳು ಕಂಡಿಕೆ ಸುತ್ತುವವಳು, ಅಂದರೆ ಲಾಳಿಯೊಳಗೆ ಕೂರುವ ಆ ಪುಟ್ಟ ಕಡ್ಡಿಗೆ ನೂಲು ತುಂಬುವವಳು. ಅವನು ಊಟಕ್ಕೆ ಎದ್ದರೆ ಮಗ್ಗವೂ ಅವಳದ್ದೇ. ಬೇಸಿಗೆಯ ಮೊದಲಲ್ಲಿ ಒಂದು ಬೆಳಗ್ಗೆ ಹಾಸಿನ ಉರುಳೆ, ಅಂದರೆ ಉದ್ದನೂಲು ಸುತ್ತಿದ ಭಾರದ ದಿಂಡು, ಎತ್ತಿ ಮಗ್ಗಕ್ಕೆ ಕೂರಿಸುವಾಗ ಅವನಿಗೆ ಎದೆ ಹಿಂಡಿದಂತಾಯಿತು. ಬೆಂಗಳೂರಿಗೆ ಕರೆದೊಯ್ದರು, ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು, ಮನೆಗೆ ಕಳಿಸಿದರು. ಅಲ್ಲಿಂದ ಶುರುವಾಯಿತು ಮಾತ್ರೆಗಳ ಸಂಸಾರ.

"ಎಲ್ಲಾ ಹಾರ್ಟಿಂದು ಕಣಮ್ಮಾ," ಅಂದ ಮಗ ಚೌಡೇಶ. ದಾಬಸ್‌ಪೇಟೆಯ ಒಂದು ಗೋದಾಮಿನಲ್ಲಿ ಅವನಿಗೆ ಸ್ಟೋರ್ ಕೆಲಸ, ದಿನಾ ಬೈಕಿನಲ್ಲಿ ಹೋಗಿಬರುತ್ತಾನೆ.

"ಹಾರ್ಟ್ ಒಂದೇ ತಾನೇ ಇರೋದು? ಇಷ್ಟೊಂದು ಯಾಕೆ ಮತ್ತೆ?"

"ಅಯ್ಯೋ, ಡಾಕ್ಟ್ರು ಬರ್ದವ್ರೆ, ಕೊಡು ಸುಮ್ನೆ."

ಸುಮ್ಮನೆ ಕೊಡುವುದು ಅವಳ ಜಾತಕದಲ್ಲೇ ಇರಲಿಲ್ಲ. ಬಿಸಿಲಿಗೆ ರಸ್ತೆ ಖಾಲಿಯಾಗುವ ಹೊತ್ತು ನೋಡಿಕೊಂಡು, ಕವರನ್ನು ಸೆರಗಲ್ಲಿ ಸುತ್ತಿಕೊಂಡು, ಬೀರೇಶನ ಮೆಡಿಕಲ್ ಸ್ಟೋರಿಗೆ ಹೋದಳು. ಬೀರೇಶ ಫ್ಯಾನಿನ ಕೆಳಗೆ ತೂಕಡಿಸುತ್ತಿದ್ದ. ಅವಳು ಮಾತ್ರೆ ಪಟ್ಟಿಗಳನ್ನು ಇಸ್ಪೀಟು ಹರಡಿದಂತೆ ಗಾಜಿನ ಮೇಲೆ ಹರಡಿದಳು.

"ಒಂದೊಂದರ ಕೆಲಸ ಏನು, ಹೇಳಪ್ಪಾ."

"ಯಾಕಮ್ಮಾ, ಅಂಗಡಿ ಇಡ್ತೀಯಾ?"

"ಇಟ್ರೆ ನಿನ್ನೆದುರಿಗೇ ಇಡ್ತೀನಿ. ಹೇಳು ಮೊದ್ಲು."

ಬೀರೇಶ ನಕ್ಕು, ಆಕಳಿಸಿ, ಹೇಳತೊಡಗಿದ. ಆಸ್ಪಿರಿನ್, ಕ್ಲೊಪಿಡೊಗ್ರೆಲ್: ಇವೆರಡೂ ರಕ್ತ ಗಂಟುಕಟ್ಟದ ಹಾಗೆ ಕಾಯುತ್ತವೆ. ಸ್ಟೆಂಟ್ ಹಾಕಿಸಿಕೊಂಡವರು ಇವನ್ನು ಕೈಬಿಟ್ಟರೆ ಕಥೆ ಮುಗಿಯಿತು, ಇವುಗಳ ತಂಟೆಗೆ ಹೋಗಲೇಬಾರದು. ಅಟೋರ್ವಾಸ್ಟಾಟಿನ್: ಪಿತ್ತಜನಕಾಂಗದಲ್ಲಿ ಕೊಬ್ಬು ತಯಾರಾಗುವುದನ್ನು ತಗ್ಗಿಸುತ್ತದೆ, ರಕ್ತನಾಳದ ಗೋಡೆಗೆ ಇನ್ನಷ್ಟು ಮೆತ್ತಿಕೊಳ್ಳುವುದು ತಪ್ಪುತ್ತದೆ. ಆಮ್ಲೋಡಿಪಿನ್: ಬಿಗಿ ಹಿಡಿದ ರಕ್ತನಾಳವನ್ನು ಸಡಿಲ ಮಾಡುತ್ತದೆ, ದಾರಿ ಅಗಲವಾದರೆ ಒತ್ತಡ ಇಳಿಯುತ್ತದೆ, ಕೆಲವರಿಗೆ ಪಾದ ಊದಿಕೊಳ್ಳಬಹುದು. ಮೆಟೊಪ್ರೊಲಾಲ್: ಓಡಬೇಡ, ನಿಧಾನಕ್ಕೆ ನಡಿ ಎಂದು ಹೃದಯಕ್ಕೆ ಬುದ್ಧಿ ಹೇಳುವ ಮಾತ್ರೆ.

"ಇದನ್ನ ದಮ್ಮು ಇರೋರಿಗೆ ಯೋಚ್ನೆ ಮಾಡಿ ಕೊಡ್ತಾರೆ ಕಣಮ್ಮಾ. ಉಸಿರಿನ ಕೊಳವೆ ಬಿಗಿಯಾಗ್ಬೋದು," ಅಂದ ಬೀರೇಶ.

ಆ ಮಾತು ಮುನಿರತ್ನಮ್ಮನ ತಲೆಯಲ್ಲಿ ಗಟ್ಟಿಯಾಗಿ ಕೂತಿತು. ಉಳಿದದ್ದು ರಾಮಿಪ್ರಿಲ್ ಎಂಬುದೊಂದು. ಅದರ ಸರದಿ ಬರುವಷ್ಟರಲ್ಲಿ ಬೈಕಿನಲ್ಲಿ ಇಬ್ಬರು ಬಂದಿಳಿದು ಜ್ವರದ ಮಾತ್ರೆ ಕೇಳಿದರು.

"ಅದೂ ಬಿಪೀದೇ, ಹೋಗಮ್ಮಾ," ಅಂದುಬಿಟ್ಟ ಬೀರೇಶ. ಅವಳಿಗೆ ಅರ್ಧ ಊಟಕ್ಕೆ ಎಲೆ ಎತ್ತಿದಂತಾಯಿತು, ಆದರೂ ಬಂದಷ್ಟು ಬಂತು ಎಂದು ಮನೆಗೆ ಬಂದಳು.

ಅವತ್ತಿನಿಂದ ಮಾತ್ರೆ ಕೊಡುವುದು ಅವಳ ಪಾಲಿನ ಕೆಲಸವಾಯಿತು. ಬೆಳಗ್ಗೆ ತಿಂಡಿಯಾದ ಮೇಲೆ ರಾಮಲಿಂಗಯ್ಯ ಅಂಗೈ ಚಾಚುತ್ತಿದ್ದ, ಅವಳು ಒಂದೊಂದಾಗಿ ಬಿಡಿಸಿ ಹಾಕುತ್ತಿದ್ದಳು, ಅವನು ಎಲ್ಲವನ್ನೂ ಒಟ್ಟಿಗೆ ಬಾಯಿಗೆಸೆದು ನೀರು ಕುಡಿಯುತ್ತಿದ್ದ. ಮೊದಲೇ ಮಾತು ಕಮ್ಮಿಯ ಮನುಷ್ಯ. ಎದೆನೋವಾದ ಮೇಲೆ ಇನ್ನೂ ಕಮ್ಮಿಯಾಗಿತ್ತು.

ಕೆಲವು ವಾರ ಎಲ್ಲವೂ ಚೆನ್ನಾಗಿತ್ತು. ಭಾರ ಎತ್ತುವ ಕೆಲಸ ಬಿಟ್ಟು, ನಿಧಾನಕ್ಕೆ ಒಂದು ಮಗ್ಗ ನೋಡಿಕೊಳ್ಳತೊಡಗಿದ್ದ. ಆಮೇಲೆ ಕೆಮ್ಮು ಬಂತು.

ಅಂತಿಂಥ ಕೆಮ್ಮಲ್ಲ. ಗಂಟಲಲ್ಲಿ ಏನೋ ಹರಿದಾಡಿದಂತೆ ಶುರುವಾಗಿ, ಕಣ್ಣಲ್ಲಿ ನೀರು ಬರುವ ತನಕ ಬಿಡುತ್ತಿರಲಿಲ್ಲ. ಮಾತಾಡಲು ಬಾಯಿ ತೆರೆದರೆ ಕೆಮ್ಮು, ಮಲಗಿದರೆ ಕೆಮ್ಮು. ಶುಂಠಿ ಕಷಾಯ ಆಯಿತು, ಜೇನು ಮೆಣಸು ಆಯಿತು, ಸಿರಪ್ಪಿನ ಬಾಟಲಿಗಳು ಕಿಟಕಿಯ ಮೇಲೆ ಸಾಲು ನಿಂತವು. ಕೆಮ್ಮು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಬೀದಿಯವರಿಗೆ ಕಾರಣ ಹುಡುಕುವ ಕಷ್ಟವೇ ಇರಲಿಲ್ಲ. ನೇಕಾರರ ಬೀದಿಯಲ್ಲಿ ಯಾರು ಕೆಮ್ಮಿದರೂ ಅಪರಾಧಿ ಒಬ್ಬನೇ, ನೂಲಿನ ಧೂಳು. ಹೆರಿಗೆಗೆ ಬಂದ ಮಗಳು ಕೆಮ್ಮಿದರೂ ಧೂಳು, ಬೀಡಿ ಸೇದುವ ಮುದುಕ ಕೆಮ್ಮಿದರೂ ಧೂಳು. ರಾಮಲಿಂಗಯ್ಯನೇ ಸಂತೆ ಬೀದಿಯ ಒಬ್ಬ ಡಾಕ್ಟರ ಹತ್ತಿರ ಹೋದಾಗ, ಅವರು ಬಾಯಿ ತೆರೆಯುವ ಮೊದಲೇ "ಮಗ್ಗದೋನು ಸಾರ್, ಧೂಳಿನ ಕೆಮ್ಮು" ಎಂದು ತಾನೇ ಹೇಳಿಬಿಟ್ಟ. ಮಾತ್ರೆಯ ಕವರನ್ನು ಮನೆಯಲ್ಲೇ ಬಿಟ್ಟು ಹೋಗಿದ್ದ. ಕೆಮ್ಮಿಗೆ ಬಂದವನು ಹಾರ್ಟಿನ ಮಾತ್ರೆ ಯಾಕೆ ತೋರಿಸಬೇಕು? ಡಾಕ್ಟರು ಎಕ್ಸ್‌ರೇ ತೆಗೆಸಿದರು, ಎದೆ ಶುಭ್ರವಾಗಿತ್ತು, ಇನ್ನೊಂದು ಸಿರಪ್ ಬರೆದರು.

ಒಂದು ಭಾನುವಾರ ಚೌಡೇಶ ತಟ್ಟೆಯ ಮುಂದೆ ಕೂತು ಮಾತು ಎತ್ತಿದ.

"ಅಪ್ಪಾ, ಮಗ್ಗ ಮಾರಿಬಿಡಾಣ. ಹಾರ್ಟು ಹಂಗೈತೆ, ಮೇಲೆ ಈ ಕೆಮ್ಮು. ಪಿಳ್ಳಣ್ಣನ ಹತ್ರ ಮಾತಾಡಿವ್ನಿ. ಅಮಾಸೆ ಕಳೀಲಿ, ಟೆಂಪೋ ತಗೊಂಡು ಬರ್ತೀನಿ ಅಂದವ್ನೆ."

ಪಿಳ್ಳಣ್ಣ ಹಳೇ ಮಗ್ಗ ಕೊಳ್ಳುವ ದಲ್ಲಾಳಿ. ಅವನ ಟೆಂಪೋ ಬೀದಿಗೆ ಬಂತೆಂದರೆ ಯಾರದೋ ಮನೆಯ ಸದ್ದು ನಿಂತಿತೆಂದೇ ಅರ್ಥ. ಮುನಿರತ್ನಮ್ಮ ಗಂಡನ ಮುಖ ನೋಡಿದಳು. ಅವನು ಮುದ್ದೆ ಮುರಿಯುತ್ತಾ, ಕೆಮ್ಮುತ್ತಾ, ತಲೆಯಾಡಿಸಿದ.

ಅವಳು ಮದುವೆಯಾಗಿ ಬಂದ ದಿನದಿಂದ ಆ ಸದ್ದಿನಲ್ಲೇ ಬದುಕಿದವಳು. ಮಗ್ಗ ಹೋದರೆ ತಾನು ಏನು, ಗಂಡ ಏನು? ಅವನು ಜಗಲಿಯ ಮೇಲೆ ಕೂತು ಹೋಗುವ ಬರುವ ಆಟೋ ಎಣಿಸಬೇಕು, ತಾನು ಸೊಸೆಯ ಕೈಕೆಳಗೆ ಸೊಪ್ಪು ಬಿಡಿಸಬೇಕು. ಆದರೆ ಗಂಡನ ಉಸಿರಿನ ಮುಂದೆ ಮಗ್ಗ ಯಾವ ಲೆಕ್ಕ? ಹಾಗೆಂದುಕೊಂಡು ಬಾಯಿ ಮುಚ್ಚಿಕೊಂಡಳು.

ಮಾರನೆಯ ದಿನ ಬಟ್ಟೆ ಒಗೆಯುತ್ತಿದ್ದಳು. ಗಂಡನ ಟವೆಲ್ ಕೈಗೆ ಬಂತು, ದಿನವೆಲ್ಲಾ ಬಾಯಿಗೆ ಒತ್ತಿ ಕೆಮ್ಮುತ್ತಿದ್ದ ಬಿಳಿ ಟವೆಲ್. ಅದನ್ನು ಕಲ್ಲಿನ ಮೇಲೆ ಹರಡಿದವಳು ಹಾಗೇ ನಿಂತಳು.

ಇಲ್ಲೊಂದು ವಿಷಯ ಹೇಳಬೇಕು, ನೇಕಾರರಲ್ಲದವರಿಗೆ ಇದು ಗೊತ್ತಿರುವುದಿಲ್ಲ. ಹತ್ತಿ ಬೆರೆತ ನೂಲು ಮಗ್ಗದಲ್ಲಿ ಉಜ್ಜಿದಾಗ ಏಳುವ ಧೂಳಿಗೆ ಬಣ್ಣವಿರುತ್ತದೆ. ಕೆಂಪು ಸೀರೆ ನೇಯುವ ವಾರ ಮೂಗು ಒರೆಸಿದರೆ ಕೆಂಪು, ಅರಿಶಿನದ ಸೀರೆಯಾದರೆ ಕಫವೂ ಅರಿಶಿನ. ಯಾರ ಮನೆಯಲ್ಲಿ ಯಾವ ಸೀರೆ ನಡೆದಿದೆ ಎಂದು ಬೆಳಗ್ಗೆ ನಲ್ಲಿಯ ಹತ್ತಿರ ಮುಖ ತೊಳೆಯುವವರನ್ನು ನೋಡಿಯೇ ಹೇಳಬಹುದು, ಅಷ್ಟು. ಆ ವಾರ ಅವರ ಮಗ್ಗದ ಮೇಲಿದ್ದದ್ದು ಗಿಳಿಹಸಿರು. ಅವಳದೇ ಸೆರಗಿನ ಅಂಚು, ಮೂಗು ಒರೆಸಿಕೊಂಡ ಕಡೆಯೆಲ್ಲಾ ಹಸಿರಾಗಿತ್ತು. ಅಷ್ಟೊಂದು ಕೆಮ್ಮುವ ಗಂಡನ ಟವೆಲ್ಲಿನಲ್ಲಿ ಬಾಯಿಗೊತ್ತಿದ ಜಾಗವೆಲ್ಲಾ ಹಾಲಿನಷ್ಟು ಬಿಳಿ.

"ಧೂಳಾಗಿದ್ರೆ ಬಣ್ಣ ಎಲ್ಲೋಯ್ತು?" ಎಂದು ಅವಳು ಬಟ್ಟೆ ಕಲ್ಲನ್ನೇ ಕೇಳಿದಳು.

ಆಮೇಲೆ ಅವಳ ಕಣ್ಣಿಗೆ ಒಂದೊಂದೇ ಬೀಳತೊಡಗಿತು. ಕಫವೇ ಇಲ್ಲ, ಬರೀ ಒಣ ಕೆಮ್ಮು. ಹಿಂದಿನ ವಾರ ನೆಂಟರ ಮಗುವಿನ ಮುಡಿ ಕೊಡಲು ಘಾಟಿ ದೇವಸ್ಥಾನಕ್ಕೆ ಹೋಗಿ ಎರಡು ದಿನ ಉಳಿದಿದ್ದರು. ಸುತ್ತ ಗುಡ್ಡ, ಗಾಳಿ, ಒಂದು ಎಳೆ ನೂಲಿನ ಧೂಳಿಲ್ಲ. ಅಲ್ಲೂ ಇಷ್ಟೇ ಕೆಮ್ಮಿದ್ದ, ಪೂಜಾರಿಯ ಮಂತ್ರವೇ ಕೇಳಿಸದಷ್ಟು. ಅದೇ ಧೂಳಿನಲ್ಲಿ ಅಷ್ಟೇ ವರ್ಷ ಕೂತ ತನಗೆ ಯಾಕೆ ಈ ಕೆಮ್ಮಿಲ್ಲ? ಈ ಬೇಸಿಗೆಯಲ್ಲಿ ಅವನ ಮೈಯೊಳಕ್ಕೆ ಹೊಸದಾಗಿ ಹೋದದ್ದು ಏನು?

ಸಂಜೆ ಮಗನಿಗೆ ಹೇಳಿದಳು. ಚೌಡೇಶ ಹೆಲ್ಮೆಟ್ ತೆಗೆಯುತ್ತಾ ಕೇಳಿಸಿಕೊಂಡ.

"ಅಮ್ಮಾ, ನಿಂಗೆ ಮಗ್ಗ ಬಿಡಕ್ಕೆ ಮನ್ಸಿಲ್ಲ. ಅದುಕ್ಕೆ ಟವೆಲ್ಲು ಸೆರಗು ಅಂತ ಕಥೆ ಕಟ್ತಿದ್ದೀಯ. ನಿಂಗೆ ಅಪ್ಪ ಬೇಕಾ, ಮಗ್ಗ ಬೇಕಾ?"

ಕೆಟ್ಟ ಮಗನಲ್ಲ ಅವನು. ಅಪ್ಪನ ಎದೆ ಹಿಂಡಿದ ದಿನ ಆಟೋದಲ್ಲಿ ಮಗುವಿನ ಹಾಗೆ ಅತ್ತವನು. ಆದರೂ ಆ ಮಾತು ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಅದರಲ್ಲಿ ಅರ್ಧ ನಿಜವಿತ್ತು, ಅದಕ್ಕೇ. ಬರೀ ಮಾತಿಂದ ಆಗುವುದಿಲ್ಲ, ಕಣ್ಣಿಗೆ ಕಾಣುವ ಹಾಗೆ ತೋರಿಸಬೇಕು ಎಂದು ಹಟ ಹಿಡಿದಳು.

ಡಾಕ್ಟರನ್ನೇ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಕೇಳಬಹುದಿತ್ತು, ಕೇಳಲೇಬೇಕಿತ್ತು. ಆದರೆ ಬೆಂಗಳೂರಿನ ಡಾಕ್ಟರು ಬರಹೇಳಿದ್ದು ಮುಂದಿನ ತಿಂಗಳು, ಅಮಾವಾಸ್ಯೆ ಬರುತ್ತಿದ್ದದ್ದು ಈ ವಾರ. ಅದೂ ಅಲ್ಲದೆ ಅವಳಿಗೆ ತನ್ನದೇ ಒಂದು ವಿದ್ಯೆ ಗೊತ್ತಿತ್ತು, ಮಗ್ಗ ಕಲಿಸಿದ ವಿದ್ಯೆ. ಸೀರೆಯಲ್ಲಿ ಗೆರೆ ಬಿದ್ದು, ಎಲ್ಲಿ ದೋಷ ಎಂದು ತಿಳಿಯದಿದ್ದರೆ ನೇಕಾರ ಏನು ಮಾಡುತ್ತಾನೆ? ಒಂದೊಂದನ್ನೇ ಬಿಡಿಸಿ ನೋಡುತ್ತಾನೆ. ಲಾಳಿ ತೆಗೆದು ಬೇರೆ ಹಾಕಿ ನಾಲ್ಕು ಬೆರಳು ನೇಯುತ್ತಾನೆ. ಗೆರೆ ಹೋಗಲಿಲ್ಲವೇ? ಲಾಳಿಯದು ತಪ್ಪಿಲ್ಲ, ಮುಂದಿನದನ್ನು ಬಿಡಿಸು. ಯಾವುದನ್ನು ತೆಗೆದಾಗ ಗೆರೆ ಹೋಯಿತೋ ಅದೇ ಕಳ್ಳ.

ಮನುಷ್ಯನ ಮೈ ಮಗ್ಗವಲ್ಲ ಎಂಬುದು ಅವಳಿಗೆ ಆ ಹೊತ್ತಿಗೆ ಹೊಳೆಯಲೇ ಇಲ್ಲ!

ರಕ್ತ ಗಂಟುಕಟ್ಟದ ಮಾತ್ರೆಗಳನ್ನು ಅವಳು ಮುಟ್ಟಲಿಲ್ಲ, ಅಷ್ಟು ಬುದ್ಧಿ ಇತ್ತು. ಉಳಿದವುಗಳಲ್ಲಿ ಉಸಿರಿನ ತಂಟೆಗೆ ಹೋಗುವುದು ಯಾವುದು? ಬೀರೇಶ ಹೇಳಿದ್ದನಲ್ಲ, ಉಸಿರಿನ ಕೊಳವೆ ಬಿಗಿ ಮಾಡುವುದು ಮೆಟೊಪ್ರೊಲಾಲ್ ಎಂದು. ಮಾರನೆಯ ಬೆಳಗ್ಗೆ ಗಂಡ ಅಂಗೈ ಚಾಚಿದಾಗ ಅದೊಂದನ್ನು ಬಿಟ್ಟು ಉಳಿದವನ್ನು ಹಾಕಿದಳು. ಅವನು ಒಂದು ಗಳಿಗೆ ಅಂಗೈ ನೋಡಿದ, ಬಾಯಿಗೆಸೆದ, ನೀರು ಕುಡಿದ.

ಮೊದಲ ದಿನ ಕೆಮ್ಮು ಹಾಗೇ ಇತ್ತು. ಎರಡನೆಯ ದಿನವೂ ಅಷ್ಟೇ. ಒಂದೇ ದಿನಕ್ಕೆ ಗೆರೆ ಹೋಗುತ್ತದೆಯೇ, ನೋಡೋಣ ಅಂದುಕೊಂಡಳು. ಮರುದಿನ ಬೆಳಗ್ಗೆ ರಾಮಲಿಂಗಯ್ಯ ಮಗ್ಗದ ಪಕ್ಕ ನಿಂತಿದ್ದವನು ಇದ್ದಕ್ಕಿದ್ದಂತೆ ಸ್ವಿಚ್ಚು ಆರಿಸಿ ನೆಲಕ್ಕೆ ಕುಕ್ಕರಿಸಿದ. ಮುಖವೆಲ್ಲಾ ಬೆವರು.

"ರತ್ನಾ... ಎದೆ ಡಬಡಬ ಅಂತೈತೆ. ಓಡ್ತಾ ಐತೆ."

ಅವಳು ಅವನ ಎದೆಯ ಮೇಲೆ ಕೈಯಿಟ್ಟಳು. ಲಾಳಿ ಬಡಿದಂತೆ ಬಡಿಯುತ್ತಿತ್ತು. ಅಯ್ಯೋ, ಏನು ಮಾಡಿಬಿಟ್ಟೆ ನಾನು! ಸೊಸೆಯನ್ನು ಕೂಗಿದಳು, ಆಟೋ ಬಂತು, ದಾರಿಯುದ್ದಕ್ಕೂ ಗಂಡನ ಕೈ ಹಿಡಿದು ಇದ್ದಬದ್ದ ದೇವರಿಗೆಲ್ಲಾ ಹರಕೆ ಹೊತ್ತಳು. ಆಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರ್ ಎಳೆಯುವವನಿಗೂ ಕೈಮುಗಿದಳು.

ಡ್ಯೂಟಿಯಲ್ಲಿದ್ದ ಡಾಕ್ಟರು ಮಮತ, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಇಸಿಜಿ ತೆಗೆದರು, ಬಿಪಿ ನೋಡಿದರು, ರಕ್ತ ಪರೀಕ್ಷೆಗೆ ಕಳಿಸಿದರು. ಆಮೇಲೆ ಹೊರಗೆ ಬಂದು, "ಮಾತ್ರೆ ಎಲ್ಲಾ ಸರಿಯಾಗಿ ತಗೋತಾ ಇದ್ರಾ?" ಎಂದು ಕೇಳಿದರು.

ಸುಳ್ಳು ಹೇಳಲು ಅವಳಿಗೆ ನಾಲಗೆ ಬರಲಿಲ್ಲ. ಅನಿತಳನ್ನು ಎಳನೀರು ತರಲು ಕಳಿಸಿ, ಗೋಡೆಗೆ ಒರಗಿಕೊಂಡು ಎಲ್ಲವನ್ನೂ ಹೇಳಿದಳು. ಟವೆಲ್ಲು, ಬಣ್ಣ, ಘಾಟಿ, ಬೀರೇಶ, ಕೊನೆಗೆ ಆ ಮಾತ್ರೆ.

"ನಾನೇ ಕೊಂದುಬಿಡ್ತಿದ್ದೆ ಅಲ್ವಾ ಡಾಕ್ಟ್ರಮ್ಮಾ?"

ಡಾಕ್ಟರಿಗೆ ಕೋಪ ಬಂದಿತ್ತು, ಬಂದದ್ದನ್ನು ಮುಚ್ಚಿಡಲೂ ಇಲ್ಲ. "ಹೌದಮ್ಮಾ, ಅಪಾಯ ಆಗೋದು. ಸದ್ಯ, ಹೊಸದಾಗಿ ಅಟ್ಯಾಕ್ ಆದ ಹಾಗೆ ಕಾಣ್ತಿಲ್ಲ. ಆ ಮಾತ್ರೆ ಮತ್ತೆ ಕೊಟ್ಟಿದ್ದೀವಿ. ಆದ್ರೂ ನಾಳೆವರೆಗೂ ಇಲ್ಲೇ ಇರ್ಲಿ."

"ಎರಡು ದಿನ ಬಿಟ್ಟಿದ್ದಕ್ಕೇ ಇಷ್ಟಾ? ಅದನ್ನ ನುಂಗಕ್ಕೆ ಮುಂಚೆ ಎಷ್ಟೋ ವರ್ಷ ಇಲ್ದೇನೇ ಇದ್ರಲ್ಲ?"

ಅಷ್ಟು ಅಳುವಿನಲ್ಲೂ ಪ್ರಶ್ನೆ! ಡಾಕ್ಟರು ಅವಳನ್ನೊಮ್ಮೆ ನೋಡಿದರು. ಕೋಪ ಸ್ವಲ್ಪ ಇಳಿಯಿತು. ಬೆಂಚಿನ ಮೇಲೆ ಕೂತರು, ಅವಳನ್ನೂ ಕೂರಿಸಿದರು.

"ನೋಡಿ, ಬೇಗ ಬೇಗ ಹೊಡ್ಕೋ ಅಂತ ಹೃದಯಕ್ಕೆ ಮೈಯಿಂದ ಅಪ್ಪಣೆ ಬರ್ತಿರುತ್ತೆ. ಅಡ್ರಿನಲಿನ್ ಅಂತ ಕೇಳಿರಬಹುದು, ಅದೇ ಅಪ್ಪಣೆ ತರೋದು. ಹೃದಯದಲ್ಲಿ ಅದಕ್ಕೆ ಬಾಗಿಲುಗಳಿವೆ. ಮೆಟೊಪ್ರೊಲಾಲ್ ಹೋಗಿ ಆ ಬಾಗಿಲಲ್ಲಿ ಕೂತ್ಕೊಳುತ್ತೆ, ಅಪ್ಪಣೆ ಒಳಗೆ ಬಿಡಲ್ಲ. ವಾರಗಟ್ಟಲೆ ಹೀಗೇ ಆದ್ರೆ, ಅಪ್ಪಣೆ ಕೇಳಿಸ್ತಿಲ್ಲ ಅಂತ ಹೃದಯ ಇನ್ನೂ ಒಂದಷ್ಟು ಬಾಗಿಲು ಮಾಡ್ಕೊಳುತ್ತೆ. ಈಗ ನೀವು ಮಾತ್ರೇನ ದಿಢೀರಂತ ಕಿತ್ರಿ. ಏನಾಯ್ತು?"

"ಎಲ್ಲಾ ಬಾಗ್ಲೂ ತೆಕ್ಕೊಂಡ್ವು," ಅಂದಳು ಮುನಿರತ್ನಮ್ಮ, ಕಣ್ಣರಳಿಸಿ. "ಹಳೇವೂ, ಹೊಸವೂ."

"ಹೂಂ. ಮೊದ್ಲಿಗಿಂತ ಜೋರಾಗಿ ಓಡ್ತು. ಅದಕ್ಕೇ ಇದನ್ನ ಬಿಡಿಸಬೇಕಾದ್ರೆ ನಾವೂ ಸ್ವಲ್ಪ ಸ್ವಲ್ಪವಾಗಿ ಇಳಿಸ್ತೀವಿ."

ಭಯದ ಮಧ್ಯೆಯೂ ಅವಳಿಗೆ ಒಂದು ವಿಚಿತ್ರ ಖುಷಿಯಾಯಿತು. ಗಂಡನ ಎದೆಯೊಳಗೆ ಹೀಗೆಲ್ಲಾ ಬಾಗಿಲುಗಳಿವೆ, ಕಣ್ಣಿಗೆ ಕಾಣದ ಇಂಥ ಕಾರ್ಖಾನೆ ನಡೆಯುತ್ತಿದೆ, ತಾನು ಇಷ್ಟು ವರ್ಷ ಅದರ ಪಕ್ಕದಲ್ಲೇ ಮಲಗಿದ್ದೆ! ಆ ಖುಷಿಗೇ ನಾಚಿಕೆಯಾಗಿ ಮತ್ತೆ ಅತ್ತಳು.

"ಆದ್ರೆ ನಿಮ್ಮ ಅನುಮಾನ ಇದೆಯಲ್ಲ, ಅದು ಸುಳ್ಳಲ್ಲ," ಅಂದರು ಡಾಕ್ಟರು, ಅವಳು ತಂದಿದ್ದ ಕವರಿನಿಂದ ಒಂದು ಮಾತ್ರೆ ಪಟ್ಟಿ ಎತ್ತಿ. "ಮಾತ್ರೆ ತಪ್ಪಾಗಿ ಹಿಡಿದ್ರಿ ಅಷ್ಟೇ. ಒಣ ಕೆಮ್ಮು, ಗಂಟಲಲ್ಲಿ ಕಡಿತ. ಇದು ರಾಮಿಪ್ರಿಲ್ ಕೆಲಸ ಇರಬಹುದು."

ಬೀರೇಶ ಹೇಳದೇ ಬಿಟ್ಟ ಮಾತ್ರೆ. ಮುನಿರತ್ನಮ್ಮ ಮೂಗೊರೆಸಿಕೊಂಡು ಮುಂದಕ್ಕೆ ಬಾಗಿದಳು.

"ನಮ್ಮ ಮೈಯಲ್ಲಿ ರಕ್ತನಾಳ ಬಿಗಿಯೋ ಒಂದು ವಸ್ತು ತಯಾರಾಗುತ್ತೆ. ಅದನ್ನ ತಯಾರು ಮಾಡಕ್ಕೆ ಒಂದು ಆಳು ಇದೆ ಅಂತ ಇಟ್ಕೊಳ್ಳಿ. ರಾಮಿಪ್ರಿಲ್ ಆ ಆಳಿನ ಕೈ ಕಟ್ಟಿಹಾಕುತ್ತೆ. ವಸ್ತು ತಯಾರಾಗಲ್ಲ, ರಕ್ತನಾಳ ಬಿಗಿಯಲ್ಲ, ಬಿಪಿ ಇಳಿಯುತ್ತೆ, ಹೃದಯಕ್ಕೂ ಆರಾಮ. ಒಳ್ಳೇ ಮಾತ್ರೆ, ಎಷ್ಟೋ ಜನಕ್ಕೆ ಜೀವ ಉಳಿಸಿದೆ. ಆದ್ರೆ ಆ ಆಳಿಗೆ ಇನ್ನೊಂದು ಕೆಲ್ಸಾನೂ ಇರುತ್ತೆ. ಗಂಟಲು, ಶ್ವಾಸಕೋಶದಲ್ಲಿ ಕಡಿತ ತರೋ ಬೇರೊಂದು ವಸ್ತುವನ್ನ ಗುಡಿಸಿ ಹಾಕೋದೂ ಅವನೇ."

"ಕೈ ಕಟ್ಟಿದ್ರೆ ಗುಡಿಸೋದೂ ನಿಂತೋಯ್ತು!"

"ನಿಂತೋಯ್ತು. ಅದು ಅಲ್ಲೇ ಸೇರ್ಕೊಂಡು ಕೆಲವರಿಗೆ ಕೆಮ್ಮು ತರಿಸುತ್ತೆ. ಎಲ್ರಿಗೂ ಅಲ್ಲ."

"ಹಂಗಾದ್ರೆ ಕಸ ಹೊರಗಿಂದಲ್ಲ. ಒಳಗೇ ಗುಡಿಸದೆ ಬಿದ್ದಿರೋದು." ಅವಳು ಸೆರಗಿನ ಅಂಚನ್ನು ಬಿಡಿಸಿ ನೋಡಿದಳು. "ಅದುಕ್ಕೇ ಬಣ್ಣ ಇರ್ಲಿಲ್ಲ."

ಡಾಕ್ಟರು ಬೆಂಗಳೂರಿನ ಡಾಕ್ಟರಿಗೆ ಫೋನು ಮಾಡಿ ಮಾತಾಡಿದರು. ರಾಮಿಪ್ರಿಲ್ ಬದಲು ಟೆಲ್ಮಿಸಾರ್ಟನ್ ಬರೆದರು. ಇದು ಆಳಿನ ತಂಟೆಗೇ ಹೋಗುವುದಿಲ್ಲ, ತಯಾರಾದ ವಸ್ತು ರಕ್ತನಾಳಕ್ಕೆ ತಾಗುವ ಜಾಗವನ್ನು ಮುಚ್ಚುತ್ತದೆ, ಗುಡಿಸುವ ಕೆಲಸ ತನ್ನ ಪಾಡಿಗೆ ನಡೆಯುತ್ತದೆ ಎಂದರು. ಕೆಮ್ಮು ನಾಳೆಯೇ ನಿಲ್ಲುವುದಿಲ್ಲ, ವಾರಗಳಾಗಬಹುದು, ತಿಂಗಳು ದಾಟಿದರೂ ದಾಟಬಹುದು, ಕಾಯಬೇಕು. ನಿಲ್ಲದಿದ್ದರೆ ಮತ್ತೆ ಬರಬೇಕು, ಧೂಳನ್ನೂ ಪೂರ್ತಿ ಬಿಡುವಂತಿಲ್ಲ. "ಮತ್ತೆ ನೀವಾಗಿ ಯಾವುದನ್ನೂ ಬಿಡಿಸಬೇಡಿ. ಅನುಮಾನ ಬಂದ್ರೆ ಬಂದು ಕೇಳಿ. ನಿಮ್ಮ ಪ್ರಶ್ನೆಗೆ ನಾನು ಉತ್ತರ ಕೊಡ್ತೀನಿ, ಆಯ್ತಾ?"

"ನಾನು ಮಾತ್ರೆ ಬಿಡಿಸ್ದೆ ಅಂತ ನಮ್ಮನೆಯವ್ರಿಗೆ ಹೇಳ್ಬೇಡಿ ಡಾಕ್ಟ್ರಮ್ಮಾ."

"ನಾನು ಹೇಳಲ್ಲ. ನೀವೇ ಹೇಳ್ಬೇಕು," ಅಂದು ಎದ್ದು ಹೋದರು.

ಗಂಡ ಮನೆಗೆ ಬಂದ. ಅಮಾವಾಸ್ಯೆಯೂ ಕಳೆಯಿತು. ಹೇಳಿದ ಮಾತಿಗೆ ತಪ್ಪದೆ ಪಿಳ್ಳಣ್ಣ ಟೆಂಪೋ ತಂದು ಬಾಗಿಲಿಗೆ ನಿಲ್ಲಿಸಿದ. ರಾಮಲಿಂಗಯ್ಯನ ಕೆಮ್ಮು ಇನ್ನೂ ಬೀದಿಗೆಲ್ಲಾ ಕೇಳಿಸುತ್ತಿತ್ತು.

"ಏನ್ ಗುರು, ಮಗ್ಗಕ್ಕಿಂತ ನಿಂದೇ ಜಾಸ್ತಿ ಸದ್ದು!" ಎಂದು ಪಿಳ್ಳಣ್ಣ ನಗುತ್ತಾ ಒಳಗೆ ಬಂದು, ಮಗ್ಗದ ಮೈ ಸವರಿ, ಸ್ಪ್ಯಾನರಿಗೆ ಕೈ ಹಾಕಿದ.

ಮುನಿರತ್ನಮ್ಮ ಚೌಡೇಶನತ್ತ ನೋಡಿದಳು. ಡಾಕ್ಟರು ಹೇಳಿದ್ದನ್ನು ಅವನಿಗೆ ಹೇಳಿದ್ದಳು, ತಾನು ಮಾಡಿದ್ದನ್ನು ಬಿಟ್ಟು. ಅವನು ಅರ್ಧ ನಂಬಿದ್ದ. "ಆದ್ರೆ ಈಗ ಬೇಡ ಅಂದ್ರೆ ಪಿಳ್ಳಣ್ಣ ಮತ್ತೆ ಬರಲ್ಲ ಕಣಮ್ಮಾ, ಕೆಮ್ಮು ಹೋಗ್ದೆ ಇದ್ರೆ?" ಅಂದಿದ್ದ. ಈಗ ಪಿಳ್ಳಣ್ಣನನ್ನು ತಡೆಯಬೇಕಿತ್ತು. ಗಂಡನ ಜೀವದ ಜೊತೆ ಆಟವಾಡಿದವಳು ಯಾವ ಮುಖ ಇಟ್ಟುಕೊಂಡು ಮಗ್ಗ ಬೇಕು ಎನ್ನುವುದು? ಹೋಗಲಿ, ಮನುಷ್ಯ ಉಳಿದನಲ್ಲ ಎಂದು ಗೋಡೆಯ ಕಡೆ ತಿರುಗಿದಳು.

"ಪಿಳ್ಳಣ್ಣಾ, ನಿಲ್ಸು," ಅಂತು ಹಿಂದಿನಿಂದ ಒಂದು ದನಿ.

ಎಲ್ಲರೂ ತಿರುಗಿ ನೋಡಿದರು. ರಾಮಲಿಂಗಯ್ಯ ಕಂಬ ಹಿಡಿದು ನಿಂತಿದ್ದ. ಒಂದು ಸುತ್ತು ಕೆಮ್ಮಿ, ಕಣ್ಣೊರೆಸಿಕೊಂಡು, ಮತ್ತೆ ಮಾತಾಡಿದ.

"ಕೊಡಲ್ಲ. ಕೆಮ್ಮು ಹೋಗ್ಲಿ ಬಿಡ್ಲಿ, ಡಾಕ್ಟ್ರು ಹೇಳ್ದಷ್ಟು ದಿನ ನೋಡ್ತೀನಿ. ಚೌಡೇಶಾ, ಪಿಳ್ಳಣ್ಣಂಗೆ ಕಾಫಿ ಕೊಟ್ಟು ಕಳ್ಸು."

ಅಪ್ಪ ಅಷ್ಟು ಉದ್ದದ ಮಾತಾಡಿದ್ದನ್ನು ಚೌಡೇಶ ಈಚೆಗೆ ಕೇಳಿಯೇ ಇರಲಿಲ್ಲ. ತೆಪ್ಪಗೆ ಕಾಫಿ ತರಲು ಒಳಗೆ ಹೋದ. ಪಿಳ್ಳಣ್ಣ ಒಂದಷ್ಟು ಗೊಣಗಿದ, ಎರಡು ಲೋಟ ಕಾಫಿ ಕುಡಿದ, ಖಾಲಿ ಟೆಂಪೋ ತಿರುಗಿಸಿಕೊಂಡು ಹೋದ.

ಕೆಮ್ಮು ಒಂದೇ ಸಲಕ್ಕೆ ಹೋಗಲಿಲ್ಲ. ಮೊದಲು ಮಾತಿನ ಮಧ್ಯೆ ಬರುವುದು ನಿಂತಿತು, ಆಮೇಲೆ ಮಲಗಿದಾಗ ಬರುವುದು. ಒಂದು ಬೆಳಗ್ಗೆ ಮುನಿರತ್ನಮ್ಮ ಕಂಡಿಕೆ ಸುತ್ತುತ್ತಾ ಕೂತಿದ್ದವಳಿಗೆ, ಎದ್ದಾಗಿನಿಂದ ಒಂದು ಸಲವೂ ಕೆಮ್ಮು ಕೇಳಿಸಲಿಲ್ಲವಲ್ಲ ಎಂದು ಹೊಳೆಯಿತು. ಗಂಡ ಮಗ್ಗದ ಮುಂದೆ ನಿಂತಿದ್ದ. ಮೂಗಿಗೆ ಬಟ್ಟೆ ಕಟ್ಟಿದ್ದ, ಡಾಕ್ಟರು ಅದನ್ನೂ ಹೇಳಿದ್ದರು. ಅವಳಿಗೆ ಸಂತೋಷವಾಗಬೇಕಿತ್ತು. ಆದರೆ ಇಷ್ಟು ದಿನ ಕೆಮ್ಮಿನ ಕೆಳಗೆ ಅಡಗಿಕೊಂಡಿದ್ದ ಪಾಪ ಆಗಲೇ ಎದ್ದು ಬಂದು ಎದೆಯ ಮೇಲೆ ಕೂತಿತು. ಎದ್ದು ಹೋಗಿ ಎರಡೂ ಮಗ್ಗದ ಸ್ವಿಚ್ಚು ಆರಿಸಿದಳು.

"ಏನಾಯ್ತೇ?"

"ರೀ, ಅವತ್ತು ನಿಮ್ಮ ಎದೆ ಓಡಿದ್ದು ಸುಮ್ಸುಮ್ನೆ ಅಲ್ಲ. ಒಂದು ಮಾತ್ರೆ ನಾನೇ ಕೊಟ್ಟಿರ್ಲಿಲ್ಲ. ಯಾವುದ್ರಿಂದ ಕೆಮ್ಮು ಅಂತ ನೋಡಕ್ಕೆ."

ರಾಮಲಿಂಗಯ್ಯ ಮೂಗಿನ ಬಟ್ಟೆ ಕೆಳಗಿಳಿಸಿದ.

"ಗೊತ್ತಿತ್ತು."

"ಏನ್ ಗೊತ್ತಿತ್ತು?"

"ಮೊದ್ಲನೇ ದಿನಾನೇ ನೋಡ್ದೆ. ಅಂಗೈಲಿ ಒಂದು ಕಮ್ಮಿ ಇತ್ತು."

"ನೋಡಿದ್ರಾ? ನೋಡೀನೂ ಯಾಕ್ ಕೇಳ್ಲಿಲ್ಲ?"

"ಕೇಳಿದ್ರೆ ನೀನು ನಿಲ್ಲಿಸ್ಬಿಡ್ತಿದ್ದೆ." ಅವನು ಹಾಸಿನ ಮೇಲೆ ಕೂತ ಒಂದು ತುಣುಕು ನೂಲನ್ನು ಬೆರಳಲ್ಲಿ ತೆಗೆದ. "ಮಗ್ಗ ಬೇಕು ಅನ್ನಕ್ಕೆ ಚೌಡೇಶನ ಮುಂದೆ ನಂಗೆ ಬಾಯಿ ಬರ್ಲಿಲ್ಲ. ಅವ್ನು ಹೆದರ್ಕೊಂಡಿದ್ದ, ಪಾಪ. ನೀನೊಬ್ಳೇ ಏನೋ ಹುಡುಕ್ತಿದ್ದೆ. ಹುಡುಕ್ಲಿ ಅಂತ ನುಂಗ್ದೆ."

ಮುನಿರತ್ನಮ್ಮನಿಗೆ ಸಿಟ್ಟು ನೆತ್ತಿಗೇರಿತು. ಅಳುವೂ ಅದರ ಬೆನ್ನಿಗೇ ಬಂತು. "ಸತ್ತೋಗಿದ್ರೆ? ಆಗ ಈ ಮಗ್ಗ ಇಟ್ಕೊಂಡು ನಾನೇನ್ ಮಾಡ್ಲಿ, ಒಲೆಗೆ ಹಾಕ್ಲಾ? ಗೊತ್ತಿದ್ದೂ ಗೊತ್ತಿದ್ದೂ ನುಂಗ್ತಾರಾ ಯಾರಾದ್ರೂ? ತಲೇಲಿ ಏನೈತೆ ನಿಮ್ಗೆ?" ಎಂದು ಕೂಗಾಡಿದಳು. ಕೈಯಲ್ಲಿದ್ದ ಕಂಡಿಕೆಯನ್ನೇ ಅವನ ಮೇಲೆ ಎಸೆದಳು. ಅದು ಅವನ ಭುಜಕ್ಕೆ ತಾಗಿ ನೂಲು ಬಿಚ್ಚಿಕೊಳ್ಳುತ್ತಾ ಬಾಗಿಲ ತನಕ ಉರುಳಿತು. ಅವನು ಅದನ್ನು ಎತ್ತಿ ತಂದು, ಬಿಚ್ಚಿದ ನೂಲನ್ನು ನಿಧಾನಕ್ಕೆ ಸುತ್ತಿ ಅವಳ ಕೈಗಿಟ್ಟ.

ಅವತ್ತು ತಿಂಡಿಯಾಗಿ ಬಹಳ ಹೊತ್ತಾಗಿತ್ತು, ಮಾತ್ರೆ ಇನ್ನೂ ಕೊಟ್ಟಿರಲಿಲ್ಲ. ಅವಳು ಕವರ್ ತಂದಳು. ಅವನು ಎಂದಿನಂತೆ ಅಂಗೈ ಚಾಚಿದ, ಮುಖ ಬೇರೆ ಕಡೆ ತಿರುಗಿಸಿಕೊಂಡು. ಅವಳು ಎಲ್ಲವನ್ನೂ ಹಾಕಿದಳು. ಅವನು ನೋಡದೆಯೇ ಬಾಯಿಗೆ ಒಯ್ಯುವಷ್ಟರಲ್ಲಿ ಅವನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡಳು.

"ಎಣಿಸಿ."

"ಹೋಗ್ಲಿ ಬಿಡೇ, ನೀನು ಕೊಟ್ಟಿದ್ದೀಯಲ್ಲ."

"ನಾನು ಕೊಟ್ಟಿದ್ದೀನಿ ಅಂತಾನೇ ಹೇಳ್ತಿರೋದು. ಬಾಯ್ಬಿಟ್ಟು ಎಣಿಸಿ."

ಕೈ ಬಿಡುವ ಲಕ್ಷಣ ಕಾಣಲಿಲ್ಲ. ರಾಮಲಿಂಗಯ್ಯ ಅಂಗೈಯನ್ನು ಬೆಳಕಿಗೆ ಹಿಡಿದು, ಶಾಲೆಯ ಹುಡುಗನಂತೆ, ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸತೊಡಗಿದ. ಅವಳು ಅಳುತ್ತಲೇ ಅವನ ಜೊತೆ ಎಣಿಸಿದಳು.